ಹೊಸ ಪ್ರಭೇದ ಸಿಕ್ಕಿದೆ ಅನ್ನಿಸುತ್ತಿದೆ, ಮುಂದೇನು ಮಾಡಬೇಕು?

ಎಲೆಯಡಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಜಿಗಿಯುವ ಜೇಡದ ಹಿಂದೆ ಬಿದ್ದಿದ್ದೇನೆ. ಅಕ್ಕಿಕಾಳಿಗಿಂತ ಚಿಕ್ಕದು, ನಾಲ್ಕು ಮಿಲಿಮೀಟರ್ ಇರಬಹುದು. ಒಂದೇ ಬಗೆಯ ಪೊದೆಯಲ್ಲಿ ಮಾತ್ರ ಸಿಗುತ್ತದೆ. ಎಲೆ ಮಗುಚಿದರೆ ಅಡಿಯಲ್ಲಿ ತೆಳ್ಳಗಿನ ರೇಷ್ಮೆಯ ಚೀಲ, ಒಳಗೆ ಅದು. ಗಂಡಿನ ಹಣೆಗೆ ತಾಮ್ರದ ಬಣ್ಣದ ಪಟ್ಟಿ. ಮುಂದಿನ ಜೋಡಿ ಕಾಲು ದಪ್ಪ, ಕಡುಕಪ್ಪು. ಹೆಣ್ಣು ಬೂದು, ಬೆನ್ನ ಮೇಲೆ ಬಿಳಿ ಚುಕ್ಕಿ. ಇಲ್ಲಿಯವರೆಗೆ ಹೆಣ್ಣು ಒಂಬತ್ತು ಸಲ, ಗಂಡು ಮೂರೇ ಸಲ ಕಂಡಿದೆ.

ಫೋಟೋ ನೋಡಿ ಗುರುತು ಹೇಳುವ ಎರಡು ಮೂರು ಕಡೆ ಹಾಕಿದೆ. ಒಬ್ಬರು ಕುಲದ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿದರು. ಇನ್ನೊಬ್ಬರು "ಇದು ಯಾವುದಕ್ಕೂ ಹೊಂದುತ್ತಿಲ್ಲ, ಹೊಸದಿರಬಹುದು" ಅಂದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಹೊಸದು ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ನಾನು ವಿಜ್ಞಾನಿಯಲ್ಲ, ನಾನು ಹೆಸರಿಡಬಹುದಾ? ಫೋಟೋಗಳು ಚೆನ್ನಾಗಿವೆ, ಅಷ್ಟು ಸಾಕಾಗುವುದಿಲ್ಲವಾ? ಎಲೆ ಮಗುಚಿ ನೋಡುವ ಅಭ್ಯಾಸ ಹಿಡಿಸಿದ್ದು ನನ್ನ ಅಜ್ಜಿ. ಅವರ ಹೆಸರಿಡಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಎಂಟುಕಾಲು

ಮೊದಲು ಅಭಿನಂದನೆ. ಎರಡು ವರ್ಷ ಒಂದೇ ಜೀವಿಯನ್ನು ಬಿಡದೆ ನೋಡಿದ್ದೀರಿ, ಅದು ಸಣ್ಣ ಕೆಲಸವಲ್ಲ.

ಒಂದು ವಿಷಯ ನೋಡಿಕೊಳ್ಳಿ. ನಿಮ್ಮ ಗಂಡು ಪೂರ್ತಿ ಬೆಳೆದದ್ದಾ? ಬಾಯಿಯ ಪಕ್ಕ ಎರಡು ಪುಟ್ಟ ಕೈಗಳಂತೆ ಇರುತ್ತವಲ್ಲ, ಪಾಲ್ಪ್ ಅಂತೇವೆ. ಅದರ ತುದಿ ಬರೀ ಊದಿಕೊಂಡು ನಯವಾಗಿದ್ದರೆ ಇನ್ನೊಂದು ಪೊರೆ ಕಳಚುವುದು ಬಾಕಿ ಇದೆ ಅಂತ ಅರ್ಥ. ತುದಿಯಲ್ಲಿ ಕೊಕ್ಕೆ, ಮುಳ್ಳು, ಸುರುಳಿಯಂಥ ರಚನೆ ಕಂಡರೆ ಬೆಳೆದದ್ದು. ಜೇಡಗಳಲ್ಲಿ ಮರಿಗಳನ್ನು ಇಟ್ಟುಕೊಂಡು ಪ್ರಭೇದ ಹೇಳುವುದು ಬಹುತೇಕ ಆಗದ ಮಾತು. ಬಣ್ಣ ನಂಬಲೇಬೇಡಿ. ವಯಸ್ಸಿಗೆ ಬದಲಾಗುತ್ತದೆ, ಪೊರೆ ಕಳಚಿದ ವಾರದಲ್ಲೇ ಬೇರೆ ಇರುತ್ತದೆ.

ಹಳೆಲೇಬಲ್

ನಾನು ಹಲವು ವರ್ಷ ಒಂದು ಸಂಗ್ರಹಾಲಯದ ಕೀಟ ವಿಭಾಗದಲ್ಲಿ ಕೆಲಸ ಮಾಡಿದವನು. ಇಂಥ ಪ್ರಶ್ನೆ ಬಂದಾಗ ಖುಷಿಯಾಗುತ್ತದೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಹೊಸ ಪ್ರಭೇದ ಅನ್ನುವುದು ಗಿಡದ ಮೇಲೆ ಕಂಡ ಕ್ಷಣದಲ್ಲಿ ಗೊತ್ತಾಗುವುದಿಲ್ಲ. ಈಗಾಗಲೇ ಹೆಸರಿರುವ ಎಲ್ಲ ಹತ್ತಿರದ ಪ್ರಭೇದಗಳ ಪಕ್ಕ ಇಟ್ಟು, ಒಂದೊಂದನ್ನೂ "ಇದಲ್ಲ, ಇದೂ ಅಲ್ಲ" ಅಂತ ದಾಟಿದ ಮೇಲೆ ಗೊತ್ತಾಗುತ್ತದೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಹಳೆಯದನ್ನು ಓದುವುದು, ಹಳೆಯ ಮಾದರಿ ನೋಡುವುದು. ನೂರು ವರ್ಷದ ಹಿಂದೆ ಯಾರೋ ನಾಲ್ಕು ಸಾಲು ಬರೆದು ಹೆಸರಿಟ್ಟಿರುತ್ತಾರೆ. ಚಿತ್ರವೂ ಇರುವುದಿಲ್ಲ. ಆ ನಾಲ್ಕು ಸಾಲು ನಿಮ್ಮ ಜೇಡಕ್ಕೂ ಹೊಂದುತ್ತದೆ, ಇನ್ನು ಹತ್ತಕ್ಕೂ ಹೊಂದುತ್ತದೆ. ಆಗ ಏನು ಮಾಡುವುದು? ಅವರು ಯಾವ ಜೀವಿಯನ್ನು ಕೈಯಲ್ಲಿ ಹಿಡಿದು ಬರೆದರೋ ಅದನ್ನೇ ಹುಡುಕಿ ನೋಡಬೇಕು. ಅದಕ್ಕೇ ಹೋಲೋಟೈಪ್ ಅನ್ನುವುದು. ಒಂದು ಹೆಸರಿಗೆ ಒಂದು ಮಾದರಿ, ಒಂದು ಸಂಗ್ರಹಾಲಯದಲ್ಲಿ, ಒಂದು ನಂಬರಿನೊಂದಿಗೆ. ಆ ಹೆಸರು ಯಾವತ್ತಿಗೂ ಆ ಒಂದು ಮಾದರಿಗೆ ಅಂಟಿಕೊಂಡಿರುತ್ತದೆ. ನಾವು ವರ್ಗೀಕರಣ ಎಷ್ಟು ಸಲ ಬದಲಾಯಿಸಿದರೂ ಹೆಸರು ಎಲ್ಲಿ ಹೋಗಬೇಕು ಅಂತ ತೀರ್ಮಾನವಾಗುವುದು ಅದರಿಂದ. ಅನೇಕ ಕಡೆ ಇಂಥ ಮಾದರಿಗಳಿಗೆ ಕೆಂಪು ಚೀಟಿ ಹಚ್ಚಿರುತ್ತಾರೆ. ಮೊದಲ ಸಲ ಕೆಂಪು ಚೀಟಿಯ ಡಬ್ಬಿ ಕೈಗೆ ಬಂದಾಗ ನನ್ನ ಬೆರಳು ನಡುಗಿತ್ತು. ಕೆಳಗೆ ಬಿದ್ದರೆ ಒಂದು ಹೆಸರಿನ ಆಧಾರವೇ ಹೋದಂತೆ ಅಲ್ವಾ.

ಇನ್ನೊಂದು ಮಾತು. ಹೊಸದು ಅಂದರೆ ಯಾರೂ ಹೋಗದ ಕಾಡಿನಿಂದಲೇ ಬರಬೇಕು ಅಂತಿಲ್ಲ. ಓಲಿಂಗಿಟೋ ಅನ್ನುವ ಪ್ರಾಣಿ 2013ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಸೇರಿತು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಮೋಡಗಾಡಿನದು. ಅದರ ಚರ್ಮ, ತಲೆಬುರುಡೆ ಎಲ್ಲ ಮ್ಯೂಸಿಯಂನ ಡ್ರಾಯರ್‌ಗಳಲ್ಲಿ ಬೇರೆ ಹೆಸರಿನ ಕೆಳಗೆ ದಶಕಗಳಿಂದ ಇತ್ತು. ಕ್ರಿಸ್ಟೋಫರ್ ಹೆಲ್ಗೆನ್ ಡ್ರಾಯರ್ ಎಳೆದು ನೋಡಿದಾಗ ಹಲ್ಲು, ತಲೆಬುರುಡೆ, ತುಪ್ಪಳ ಯಾವುದೂ ಆ ಹೆಸರಿಗೆ ಹೊಂದಲಿಲ್ಲ. ಅಷ್ಟೇ ಅಲ್ಲ, 1960-70ರ ದಶಕದಲ್ಲಿ ಒಂದು ಹೆಣ್ಣು ಓಲಿಂಗಿಟೋ ಅಮೆರಿಕದ ಹಲವು ಮೃಗಾಲಯಗಳಲ್ಲಿ ಬದುಕಿತ್ತು. ಜೊತೆಗೆ ಬಿಟ್ಟ ಯಾವ ಗಂಡಿನೊಂದಿಗೂ ಅದು ಮರಿ ಹಾಕಲಿಲ್ಲ. ಅವು ಬೇರೆ ಪ್ರಭೇದದವು, ಯಾರಿಗೂ ಗೊತ್ತಿರಲಿಲ್ಲ.

ಗಿಡಗಳಲ್ಲೂ ಹೀಗೇ. ದೈತ್ಯ ನೈದಿಲೆ ವಿಕ್ಟೋರಿಯಾ ಬೊಲಿವಿಯಾನಾ 2022ರಲ್ಲಿ ಹೆಸರು ಪಡೆಯಿತು. ಎಲೆ ಮೂರು ಮೀಟರ್ ಅಗಲ, ಕಣ್ಣಿಗೆ ಬೀಳದ ಗಿಡವೇನಲ್ಲ. ಲಂಡನ್ನಿನ ಕ್ಯೂ ಹರ್ಬೇರಿಯಂನಲ್ಲಿ ಅದರ ಒಣಗಿಸಿದ ಮಾದರಿ 177 ವರ್ಷ ಇತ್ತು, ಇನ್ನೊಂದು ಪ್ರಭೇದ ಅಂದುಕೊಂಡು.

2012ರ ಒಂದು ಲೆಕ್ಕದ ಪ್ರಕಾರ ಒಂದು ಜೀವಿಯನ್ನು ಮೊದಲ ಸಲ ಸಂಗ್ರಹಿಸಿದ ದಿನದಿಂದ ಅದರ ವಿವರಣೆ ಪ್ರಕಟವಾಗುವವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆ. ನಿಮ್ಮದು ಎರಡು ವರ್ಷ ಆಗಿದೆ. ಅವಸರ ಬೇಡ.

ಈಗ ಮಾಡಬೇಕಾದದ್ದು: ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್ ತೆರೆಯಿರಿ. ಸ್ವಿಟ್ಜರ್ಲೆಂಡಿನ ಬರ್ನ್ ಮ್ಯೂಸಿಯಂನವರು ನಡೆಸುತ್ತಾರೆ. 2022ರ ಏಪ್ರಿಲ್‌ನಲ್ಲಿ 50,000ನೇ ಜೇಡ ಅದರಲ್ಲಿ ಸೇರಿತು, ಅದೂ ಒಂದು ಜಿಗಿಯುವ ಜೇಡವೇ. ನಿಮ್ಮ ಕುಲದ ಪುಟಕ್ಕೆ ಹೋಗಿ. ಪ್ರತಿ ಹೆಸರಿನ ಮುಂದೆ ಗಂಡು ಗೊತ್ತಿದೆಯೋ, ಹೆಣ್ಣು ಗೊತ್ತಿದೆಯೋ, ಎರಡೂ ಗೊತ್ತಿದೆಯೋ ಅನ್ನುವ ಗುರುತು ಇರುತ್ತದೆ. ಹೆಸರು ನೋಂದಾಯಿಸಿದರೆ ಹಳೆಯ ಪ್ರಬಂಧಗಳೂ ಓದಲು ಸಿಗುತ್ತವೆ. ಒಂದೊಂದನ್ನೂ ಬಿಡದೆ ಓದಿ.

ಎಲೆಯಡಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ. ಪಾಲ್ಪ್ ನೋಡಿದೆ. ಮೂರರಲ್ಲಿ ಎರಡು ಗಂಡು ಬೆಳೆದವು, ತುದಿಯಲ್ಲಿ ಕಪ್ಪು ಕೊಕ್ಕೆ ಕಾಣುತ್ತಿದೆ. ಮೂರನೆಯದು ಮರಿ.

ಆದರೆ ಒಂದು ಅಳುಕು ಇದೆ. ಮಾದರಿ ಅಂದರೆ ಸಾಯಿಸಬೇಕು ಅಂತಲ್ಲವಾ? ಎರಡು ವರ್ಷ ನೋಡಿದ ಜೀವ. ಅದನ್ನು ಮದ್ಯಸಾರದಲ್ಲಿ ಮುಳುಗಿಸಲು ನನ್ನ ಕೈ ಬರುವುದಿಲ್ಲ.

ಗರಿಪುಕ್ಕ

ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಸಾಯಿಸದೆ ಹೆಸರಿಟ್ಟ ಉದಾಹರಣೆಗಳು ಇವೆ.

ಅರುಣಾಚಲದ ಈಗಲ್‌ನೆಸ್ಟ್‌ನಲ್ಲಿ ರಮಣ ಆತ್ರೇಯ ಅವರು ಕಂಡ ಬುಗುನ್ ಲಿಯೋಸಿಕ್ಲಾ ಹಕ್ಕಿ 2006ರಲ್ಲಿ ಪ್ರಕಟವಾಯಿತು. ಕಂಡ ಹಕ್ಕಿಗಳ ಸಂಖ್ಯೆ ಎಷ್ಟು ಕಡಿಮೆ ಇತ್ತು ಅಂದರೆ ಒಂದನ್ನೂ ಕೊಲ್ಲುವುದು ಸರಿಯಲ್ಲ ಅಂತ ಅವರು ತೀರ್ಮಾನಿಸಿದರು. ಬಲೆಗೆ ಸಿಕ್ಕ ಹಕ್ಕಿಯ ಉದುರಿದ ಗರಿ, ಫೋಟೋ, ಅಳತೆ, ಕೂಗಿನ ದಾಖಲೆ, ಇಷ್ಟರಲ್ಲೇ ವಿವರಣೆ ಬರೆದು ಹಕ್ಕಿಯನ್ನು ಬಿಟ್ಟರು. ಹೆಸರೂ ಅಲ್ಲಿಯ ಬುಗುನ್ ಸಮುದಾಯದ್ದು.

ತಾಂಜಾನಿಯದ ಕಿಪುಂಜಿ ಕೋತಿಯನ್ನು 2005ರಲ್ಲಿ ಫೋಟೋ ಆಧಾರದ ಮೇಲೇ ವಿವರಿಸಿದರು. ಅಪರೂಪದ ಜೀವಿಯ ವಿಷಯದಲ್ಲಿ ಮೊದಲು ಅದರ ಉಳಿವು, ಆಮೇಲೆ ನಮ್ಮ ಡಬ್ಬಿ. ನಾನು ಈ ಪಕ್ಷದವಳು.

ಹಳೆಲೇಬಲ್

ಗರಿಪುಕ್ಕ ಅವರೇ, ಬುಗುನ್ ಹಕ್ಕಿಯ ವಿಷಯದಲ್ಲಿ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಕಿಪುಂಜಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಫೋಟೋ ನೋಡಿ ಅದನ್ನು ಲೋಫೋಸೆಬಸ್ ಅನ್ನುವ ಕುಲಕ್ಕೆ ಸೇರಿಸಿದ್ದರು. ಆಮೇಲೆ ರೈತರೊಬ್ಬರು ಇಟ್ಟ ಬೋನಿನಲ್ಲಿ ಒಂದು ಕೋತಿ ಸತ್ತು ಸಿಕ್ಕಿತು. ಅದರ ತಲೆಬುರುಡೆ ಮತ್ತು ಡಿಎನ್‌ಎ ನೋಡಿದಾಗ ಅದು ಆ ಕುಲದ್ದೇ ಅಲ್ಲ ಅಂತಾಯಿತು. 2006ರಲ್ಲಿ ರಂಗ್ವೆಸೆಬಸ್ ಅನ್ನುವ ಹೊಸ ಕುಲವನ್ನೇ ಮಾಡಬೇಕಾಯಿತು. ಪ್ರಭೇದ ಹೊಸದು ಅನ್ನುವುದು ಫೋಟೋದಲ್ಲೇ ಸರಿಯಾಗಿತ್ತು, ಯಾರ ನೆಂಟ ಅನ್ನುವುದು ತಪ್ಪಾಗಿತ್ತು.

ಇನ್ನೊಂದು ಕಥೆ ನನಗೆ ಇನ್ನೂ ಜಾಸ್ತಿ ಕಾಡುತ್ತದೆ. ಸೋಮಾಲಿಯದಲ್ಲಿ ಒಂದೇ ಒಂದು ಹಕ್ಕಿ ಸಿಕ್ಕಿತು. ರಕ್ತ, ಗರಿ ತೆಗೆದುಕೊಂಡು ಬಿಟ್ಟುಬಿಟ್ಟರು. 1991ರಲ್ಲಿ ಲೇನಿಯೇರಿಯಸ್ ಲಿಬೆರೇಟಸ್ ಅಂತ ಹೆಸರಿಟ್ಟರು, ಬಿಡುಗಡೆಯಾದದ್ದು ಅನ್ನುವ ಅರ್ಥದಲ್ಲಿ. ಮನಸ್ಸು ಒಳ್ಳೆಯದೇ. ಆದರೆ 2008ರಲ್ಲಿ ಡಿಎನ್‌ಎ ಮತ್ತೆ ನೋಡಿದಾಗ ಅದು ಬೇರೆ ಪ್ರಭೇದವೇ ಅಲ್ಲ, ಮೊದಲೇ ಗೊತ್ತಿದ್ದ ಹಕ್ಕಿಯ ಇನ್ನೊಂದು ಬಣ್ಣ ಅಂತ ತಿಳಿಯಿತು. ಹದಿನೇಳು ವರ್ಷ ಒಂದು ಹೆಸರು ಸುಮ್ನೆ ಪಟ್ಟಿಗಳಲ್ಲಿ ಕೂತಿತ್ತು. ರಕ್ತದ ಮಾದರಿ ಇಟ್ಟಿದ್ದರಿಂದ ತಪ್ಪು ಸರಿಯಾಯಿತು. ಬರೀ ಫೋಟೋ ಇದ್ದಿದ್ದರೆ ಸರಿ ಮಾಡಲು ದಾರಿಯೇ ಇರುತ್ತಿರಲಿಲ್ಲ. ನನ್ನ ಮಾತು ಇಷ್ಟೇ. ಮಾದರಿ ಇಡುವುದು ನಾವು ಸರಿ ಅಂತ ತೋರಿಸುವುದಕ್ಕಿಂತ, ನಾವು ತಪ್ಪಿದ್ದರೆ ಇನ್ನೊಬ್ಬರು ಹಿಡಿಯಲಿ ಅಂತ.

ಎಂಟುಕಾಲು

ಹಕ್ಕಿ, ಕೋತಿಯ ಮಾತು ಬೇರೆ, ಜೇಡದ ಮಾತು ಬೇರೆ. ನಾನು ನೋಡಿದ್ದನ್ನೇ ಹೇಳುತ್ತೇನೆ.

ಗಾಜಿನ ಪುಟ್ಟ ತಟ್ಟೆಯಲ್ಲಿ ಸಣ್ಣ ಮರಳು ಹಾಕಿ ಮೇಲೆ ಮದ್ಯಸಾರ ಸುರಿಯುತ್ತೇವೆ. ಜೇಡವನ್ನು ಆ ಮರಳಿನಲ್ಲಿ ಹೂತಂತೆ ಕೂರಿಸಿದರೆ ಅಲುಗಾಡುವುದಿಲ್ಲ, ಬೇಕಾದ ಕೋನಕ್ಕೆ ತಿರುಗಿಸಬಹುದು. ಸೂಕ್ಷ್ಮದರ್ಶಕದ ಕೆಳಗೆ ಗಂಡಿನ ಪಾಲ್ಪ್ ನೋಡಿದರೆ ಒಂದು ಪುಟ್ಟ ಬೀಗದ ಕೈ ನೋಡಿದಂತೆ. ಹೆಣ್ಣಿನ ಹೊಟ್ಟೆಯಡಿ ಎಪಿಜೈನ್ ಅನ್ನುವ ಗಟ್ಟಿ ತಗಡಿನಂಥ ಭಾಗ ಇರುತ್ತದೆ, ಅದು ಬೀಗ. ಅದನ್ನು ಸೂಜಿಯಿಂದ ಬಿಡಿಸಿ ಲವಂಗದ ಎಣ್ಣೆಯಲ್ಲಿ ಇಟ್ಟರೆ ಸ್ವಲ್ಪ ಹೊತ್ತಿಗೆ ಪಾರದರ್ಶಕವಾಗುತ್ತದೆ. ಒಳಗಿನ ನಾಳಗಳು ಎಷ್ಟು ಸುತ್ತು ಸುತ್ತಿವೆ, ಎತ್ತ ತಿರುಗಿವೆ ಅಂತ ಎಣಿಸಬಹುದು. ನಾನು ಒಂದೇ ಎಲೆಯ ಮೇಲೆ ಹಿಡಿದ ಎರಡು ಹೆಣ್ಣುಗಳು, ಹೊರಗೆ ಒಂದೇ ಅಚ್ಚಿನಲ್ಲಿ ಹೊಯ್ದಂತೆ ಇದ್ದವು. ಒಳಗೆ ಒಂದರಲ್ಲಿ ನಾಳ ನೇರ, ಇನ್ನೊಂದರಲ್ಲಿ ಮೂರು ಸುತ್ತು. ಇದು ಯಾವ ಕ್ಯಾಮೆರಾಗೂ ಕಾಣುವುದಿಲ್ಲ.

ಎಲೆಯಡಿ ಅವರೇ, ಒಂದು ಹೆಣ್ಣು ಒಂದು ಗಂಡು ಸಾಕು. ಮೊಟ್ಟೆ ಕಾಯುತ್ತಿರುವ ಹೆಣ್ಣನ್ನು ಮುಟ್ಟಬೇಡಿ. ಮೊದಲು ಆ ಜಾಗದಲ್ಲಿ ಸಂಗ್ರಹಕ್ಕೆ ಅನುಮತಿ ಬೇಕಾ ಕೇಳಿಕೊಳ್ಳಿ, ಪ್ರತಿ ದೇಶಕ್ಕೂ ಅದರದೇ ಕಾನೂನು ಇರುತ್ತದೆ. ಅನುಮತಿ ಇಲ್ಲದೆ ತೆಗೆದ ಮಾದರಿಯನ್ನು ಒಳ್ಳೆಯ ಸಂಗ್ರಹಾಲಯಗಳು ತೆಗೆದುಕೊಳ್ಳುವುದೂ ಇಲ್ಲ.

ಒಣಹೂ

ಗಿಡದವಳಾಗಿ ನಾನೂ ಎರಡು ಮಾತು ಸೇರಿಸುತ್ತೇನೆ. ಇಲ್ಲಿ ಗಿಡ ನೋಡುವವರೂ ಇದ್ದೀರಿ, ನಿಯಮಗಳು ಎರಡಕ್ಕೂ ಒಂದೇ ಅಂದುಕೊಂಡು ಎಡವುವವರು ಜಾಸ್ತಿ.

ಪ್ರಾಣಿಗಳಿಗೆ ಒಂದು ನಿಯಮಾವಳಿ, ಗಿಡ, ಪಾಚಿ, ಶಿಲೀಂಧ್ರಗಳಿಗೆ ಇನ್ನೊಂದು. ಗಿಡಗಳ ಹೆಸರಿನ ಲೆಕ್ಕ ಲಿನ್ನೇಯಸ್‌ನ 1753ರ ಪುಸ್ತಕದಿಂದ ಶುರು, ಪ್ರಾಣಿಗಳದ್ದು 1758ರಿಂದ. ಎರಡೂ ಬೇರೆ ಬೇರೆ ಆದ್ದರಿಂದ ಒಂದೇ ಕುಲದ ಹೆಸರು ಎರಡು ಕಡೆ ಇರಬಹುದು. ಮೋರಸ್ ಅಂದರೆ ಹಿಪ್ಪುನೇರಳೆ. ಮೋರಸ್ ಅಂದರೆ ಒಂದು ಕಡಲ ಹಕ್ಕಿಯ ಕುಲವೂ ಹೌದು. ಪ್ರಾಣಿಗಳಲ್ಲಿ ಕುಲಕ್ಕೂ ಪ್ರಭೇದಕ್ಕೂ ಒಂದೇ ಪದ ನಡೆಯುತ್ತದೆ, ನಾಗರಹಾವು ನಾಯಾ ನಾಯಾ, ಜಿಂಕೆ ಆಕ್ಸಿಸ್ ಆಕ್ಸಿಸ್. ಗಿಡಗಳಲ್ಲಿ ಹೀಗೆ ಎರಡು ಸಲ ಒಂದೇ ಪದ ಇಡುವಂತಿಲ್ಲ.

1935ರಿಂದ 2011ರವರೆಗೆ ಗಿಡದ ಹೊಸ ಪ್ರಭೇದಕ್ಕೆ ಲ್ಯಾಟಿನ್‌ನಲ್ಲೇ ವಿವರಣೆ ಬರೆಯಬೇಕಿತ್ತು. ಇಲ್ಲದಿದ್ದರೆ ಹೆಸರು ನಿಲ್ಲುತ್ತಿರಲಿಲ್ಲ. 2012ರಿಂದ ಇಂಗ್ಲಿಷ್ ಕೂಡ ನಡೆಯುತ್ತದೆ. ನಾನು ಕಲಿಯುವಾಗ ಲ್ಯಾಟಿನ್ ಇನ್ನೂ ಕಡ್ಡಾಯ ಇತ್ತು. "ಎಲೆ ಉದ್ದುದ್ದ, ಅಂಚು ಗರಗಸದಂತೆ, ಕೆಳಗೆ ನವಿರು ರೋಮ" ಅನ್ನುವುದನ್ನು ಲ್ಯಾಟಿನ್‌ಗೆ ತರುವುದಕ್ಕೆ ಒಂದು ವಾರ ಕೂತಿದ್ದೆ.

ಗಿಡದಲ್ಲಿ ಒಂದು ಅನುಕೂಲ ಇದೆ, ಸಾಯಿಸುವ ಸಂಕಟ ಕಡಿಮೆ. ಹೂವು, ಕಾಯಿ ಇರುವ ಒಂದು ರೆಂಬೆ ಸಾಕು. ಆದರೆ ಹೂವೂ ಇಲ್ಲದ ಕಾಯಿಯೂ ಇಲ್ಲದ ರೆಂಬೆ ತಂದುಕೊಟ್ಟು "ಯಾವ ಪ್ರಭೇದ?" ಅಂತ ಕೇಳಬೇಡಿ, ದಯವಿಟ್ಟು. ಹಳೆ ಪತ್ರಿಕೆಯ ನಡುವೆ ಒತ್ತಿ ಇಡಬೇಕು, ಮೊದಲ ವಾರ ದಿನಾ ಕಾಗದ ಬದಲಿಸಬೇಕು. ಒಂದು ಎಲೆ ಮೇಲ್ಮುಖ, ಒಂದು ಎಲೆ ಕೆಳಮುಖ ಇರುವಂತೆ ಜೋಡಿಸಿ. ಒಣಗಿದ ಮೇಲೆ ಹೂವಿನ ಬಣ್ಣ ಉಳಿಯುವುದಿಲ್ಲ, ಪರಿಮಳ ಉಳಿಯುವುದಿಲ್ಲ, ಮರದ ಎತ್ತರವಂತೂ ಹಾಳೆಯಲ್ಲಿ ಹಿಡಿಸುವುದಿಲ್ಲ. ಅದನ್ನೆಲ್ಲ ಅಲ್ಲೇ ನಿಂತು ಪುಸ್ತಕದಲ್ಲಿ ಬರೆದುಕೊಳ್ಳಿ. ಮನೆಗೆ ಬಂದು ಬರೆಯುತ್ತೇನೆ ಅಂದರೆ ಆಗಲೇ ಅರ್ಧ ಮರೆತಿರುತ್ತೀರಿ.

ಒಂದೇ ಗಿಡದಿಂದ ಎರಡು ಮೂರು ರೆಂಬೆ ತೆಗೆದು ಬೇರೆ ಬೇರೆ ಹರ್ಬೇರಿಯಂಗಳಿಗೆ ಕಳಿಸಿ. ಇವಕ್ಕೆ ಐಸೋಟೈಪ್ ಅನ್ನುತ್ತಾರೆ. 1943ರ ಮಾರ್ಚ್‌ನಲ್ಲಿ ಬರ್ಲಿನ್‌ನ ಹರ್ಬೇರಿಯಂ ಮೇಲೆ ಬಾಂಬ್ ಬಿದ್ದು ಬಹುಪಾಲು ಸಂಗ್ರಹ ಸುಟ್ಟುಹೋಯಿತು. ಎಷ್ಟೋ ಗಿಡಗಳ ಹೋಲೋಟೈಪ್ ಅಲ್ಲಿತ್ತು. ಇನ್ನೊಂದು ಊರಿಗೆ ಕಳಿಸಿದ್ದ ಐಸೋಟೈಪ್ ಇದ್ದ ಹೆಸರುಗಳು ಬದುಕಿಕೊಂಡವು. ಅದರಲ್ಲೇ ಒಂದನ್ನು ಆರಿಸಿ ಲೆಕ್ಟೋಟೈಪ್, ಅಂದರೆ ಹೋಲೋಟೈಪ್‌ನ ಜಾಗಕ್ಕೆ ಆಧಾರದ ಮಾದರಿ, ಮಾಡಿದರು. 2018ರ ಸೆಪ್ಟೆಂಬರ್‌ನಲ್ಲಿ ರಿಯೋ ಡಿ ಜನೈರೋದ ರಾಷ್ಟ್ರೀಯ ಮ್ಯೂಸಿಯಂ ಹೊತ್ತಿ ಉರಿದಾಗ ಕೀಟ ಸಂಗ್ರಹಕ್ಕೂ ಹೀಗೇ ಆಯಿತು. ಕೀಟಕ್ಕೆ ಐಸೋಟೈಪ್ ಇರುವುದಿಲ್ಲ. ಆ ಸುದ್ದಿ ನೋಡುವಾಗ ಅತ್ತಿದ್ದೇನೆ.

ಕೇಳ್ತಾ ಇರ್ತೀನಿ

ಒಂದು ಸಣ್ಣ ಪ್ರಶ್ನೆ. ಇಷ್ಟೆಲ್ಲ ಯಾಕೆ? ಒಂದು ಕಾಲು ತೆಗೆದು ಡಿಎನ್‌ಎ ನೋಡಿದರೆ ಮುಗೀತಲ್ವಾ? ಯಂತ್ರವೇ ಹೊಸದಾ ಹಳೆಯದಾ ಹೇಳುವುದಿಲ್ಲವಾ?

ನಾಲ್ಕಕ್ಷರ

ನಾನು ಡಿಎನ್‌ಎ ಪ್ರಯೋಗಾಲಯದಲ್ಲೇ ಕೆಲಸ ಮಾಡುವವನು, ಆದರೂ "ಮುಗೀತು" ಅನ್ನಲಾರೆ.

ಪ್ರಾಣಿಗಳಲ್ಲಿ ಸಿಓಐ ಅನ್ನುವ ಜೀನ್‌ನ ಸುಮಾರು 650 ಡಿಎನ್‌ಎ ಅಕ್ಷರಗಳನ್ನು ಓದಿ ಬಾರ್‌ಕೋಡ್‌ನಂತೆ ಹೋಲಿಸುತ್ತೇವೆ. ಅದರಿಂದ ದೊಡ್ಡ ದೊಡ್ಡ ಕೆಲಸ ಆಗಿದೆ. ಕೋಸ್ಟರಿಕಾದಲ್ಲಿ ಆಸ್ಟ್ರಾಪ್ಟಿಸ್ ಫಲ್ಗರೇಟರ್ ಅನ್ನುವ ಚಿಟ್ಟೆ ಇದೆ. ರೆಕ್ಕೆ ಬಿಚ್ಚಿ ಕೂತರೆ ಎಲ್ಲ ಒಂದೇ. ಆದರೆ ಅದರ ಹುಳಗಳ ಬಣ್ಣ ಬೇರೆ ಬೇರೆ, ತಿನ್ನುವ ಗಿಡವೂ ಬೇರೆ ಬೇರೆ. 2004ರಲ್ಲಿ ಬಾರ್‌ಕೋಡ್ ಓದಿ ಇದು ಒಂದಲ್ಲ, ಹತ್ತು ಪ್ರಭೇದ ಅಂದರು. ನೋಡಿ, ಅಲ್ಲೂ ಹುಳ ಸಾಕಿದವರು, ಎಲೆ ಬರೆದುಕೊಂಡವರು ಮೊದಲೇ ಇದ್ದರು. ಅಕ್ಷರಗಳು ಅವರ ಅನುಮಾನಕ್ಕೆ ಜೊತೆ ಕೊಟ್ಟವು.

ಗಿಡಗಳಲ್ಲಿ ಸಿಓಐ ಬದಲಾಗುವ ವೇಗ ತುಂಬಾ ನಿಧಾನ, ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸುವುದಿಲ್ಲ. ಅಲ್ಲಿ ಆರ್‌ಬಿಸಿಎಲ್, ಮ್ಯಾಟ್‌ಕೆ ಅನ್ನುವ ಬೇರೆ ಜೀನ್ ಬಳಸುತ್ತೇವೆ. ಅಷ್ಟಾದರೂ ಎರಡು ಪ್ರಭೇದ ಬೆರೆತು ಹುಟ್ಟಿದ ಗಿಡಗಳಲ್ಲಿ ತಲೆ ಕೆಡುತ್ತದೆ.

ಮುಖ್ಯ ತೊಡಕು ಬೇರೆ. ನಿಮ್ಮ ಜೇಡದ ಅಕ್ಷರ ಯಾವುದಕ್ಕೆ ಹೋಲಿಸುತ್ತೀರಿ? ಆ ಕುಲದ ಹಳೆಯ ಪ್ರಭೇದಗಳ ಡಿಎನ್‌ಎ ಯಾರೂ ಓದಿರದಿದ್ದರೆ ಯಂತ್ರ "ಯಾವುದಕ್ಕೂ ಹೊಂದುತ್ತಿಲ್ಲ" ಅನ್ನುತ್ತದೆ. ಅದರ ಅರ್ಥ ಹೊಸದು ಅಂತಲ್ಲ. ನಮ್ಮ ಹತ್ತಿರ ಪಟ್ಟಿ ಇಲ್ಲ ಅಂತ.

ಒಂದು ಕಿವಿಮಾತು. ಫಾರ್ಮಾಲಿನ್‌ಗೆ ಹಾಕಬೇಡಿ, ಡಿಎನ್‌ಎ ಹಾಳಾಗುತ್ತದೆ. ಒಂದೆರಡು ಕಾಲು ಬೇರೆ ಸೀಸೆಯಲ್ಲಿ 95 ಪ್ರತಿಶತ ಈಥನಾಲ್‌ನಲ್ಲಿ, ತಂಪಾದ ಕಡೆ. ಮೈಯನ್ನು ಅಷ್ಟು ಗಾಢ ಈಥನಾಲ್‌ನಲ್ಲಿ ಇಟ್ಟರೆ ಸೆಟೆದುಕೊಳ್ಳುತ್ತದೆ, ಕಾಲು ಮುಟ್ಟಿದರೆ ಮುರಿಯುತ್ತದೆ. ಅದಕ್ಕೆ 70-80 ಸಾಕು. ಎರಡು ಸೀಸೆಗೂ ಒಂದೇ ನಂಬರ್ ಬರೆಯಿರಿ, ಪೆನ್ಸಿಲ್‌ನಲ್ಲಿ. ಬಾಲ್‌ಪೆನ್ ಶಾಯಿ ಈಥನಾಲ್‌ನಲ್ಲಿ ಕರಗಿ ಹೋಗುತ್ತದೆ. ಒಮ್ಮೆ ನನ್ನ ಕೈಗೆ ಬಂದ ನಲವತ್ತು ಸೀಸೆಗಳಲ್ಲಿ ನೀಲಿ ನೀರು, ಬಿಳಿ ಚೀಟಿ. ಯಾವುದು ಎಲ್ಲಿಂದ ಬಂತು ಯಾರಿಗೂ ಗೊತ್ತಿಲ್ಲ. ನಲವತ್ತೂ ವ್ಯರ್ಥ.

ಹಳೆಲೇಬಲ್

ಪೆನ್ಸಿಲ್ ಮಾತು ಹೇಳಿದ್ದಕ್ಕೆ ನಾಲ್ಕಕ್ಷರ ಅವರಿಗೆ ಕೈ ಮುಗಿಯುತ್ತೇನೆ.

ಚೀಟಿಯನ್ನು ಸೀಸೆಯ ಒಳಗೇ ಹಾಕಿ, ಹೊರಗೆ ಅಂಟಿಸಿದ್ದು ಉದುರುತ್ತದೆ. ಜಾಗ, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಹಿಡಿದವರ ಹೆಸರು, ಯಾವ ಗಿಡದ ಮೇಲೆ, ಎಲೆಯ ಮೇಲೋ ಅಡಿಯಲ್ಲೋ. ಇಷ್ಟು.

ಎಲೆಯಡಿ

ಸರಿ. ಎರಡು ದಿನ ಯೋಚಿಸಿದೆ. ಅನುಮತಿಗೆ ಅರ್ಜಿ ಹಾಕುತ್ತೇನೆ. ಒಂದು ಜೋಡಿ ಮಾತ್ರ.

ಹೆಸರಿನ ವಿಷಯ ಯಾರೂ ಹೇಳಲಿಲ್ಲ. ಅಜ್ಜಿಯ ಹೆಸರಿಡಬಹುದಾ? ನಾನು ಯೋಚಿಸಿದ ಹೆಸರು ಇಲ್ಲೇ ಬರೆಯುತ್ತೇನೆ, ಹೇಗಿದೆ ಹೇಳಿ.

ಒಣಹೂ

ಬರೆಯಬೇಡಿ! ಇಲ್ಲೂ ಬೇಡ, ಎಲ್ಲೂ ಬೇಡ. ವಿವರಣೆ ಇಲ್ಲದೆ ಹೊರಬಿದ್ದ ಹೆಸರಿಗೆ ಯಾವ ಹಕ್ಕೂ ಇರುವುದಿಲ್ಲ, ನೋಮೆನ್ ನ್ಯೂಡಮ್ ಅನ್ನುತ್ತಾರೆ, ಬತ್ತಲೆ ಹೆಸರು ಅಂತ. ಅದು ಹರಡಿಬಿಟ್ಟರೆ ಮುಂದೆ ಎಲ್ಲರಿಗೂ ಗೊಂದಲ. ಸರಿಯಾಗಿ ಪ್ರಕಟವಾದ ದಿನ ಮಾತ್ರ ಹೆಸರು ಹುಟ್ಟುತ್ತದೆ.

ಅಜ್ಜಿಯ ಹೆಸರು ಖಂಡಿತ ಇಡಬಹುದು. ಹೆಂಗಸಿನ ಹೆಸರಾದರೆ ಕೊನೆಗೆ "ಏ", ಗಂಡಸಿನದಾದರೆ "ಐ", ಗಂಡಸರೂ ಇರುವ ಹಲವರಿಗೆ ಸೇರಿದ್ದಾದರೆ "ಓರಮ್". ನಮ್ಮ ಭಾಷೆಯ ಪದವೂ ಆಗುತ್ತದೆ. ನಿಮ್ಮದೇ ಹೆಸರಿಟ್ಟುಕೊಳ್ಳುವುದಕ್ಕೆ ನೇರ ನಿಷೇಧ ಇಲ್ಲ, ಆದರೆ ಯಾರೂ ಅದನ್ನು ಚೆಂದ ಅನ್ನುವುದಿಲ್ಲ.

ಒಮ್ಮೆ ಇಟ್ಟ ಮೇಲೆ ಮನಸ್ಸು ಬದಲಾದರೂ ಬದಲಿಸಲಾಗುವುದಿಲ್ಲ, ಅದಕ್ಕೇ ಯೋಚಿಸಿ ಇಡಬೇಕು. ಸ್ಲೊವೇನಿಯದ ಗುಹೆಯ ಒಂದು ಕುರುಡು ಜೀರುಂಡೆಗೆ 1937ರಲ್ಲಿ ಹಿಟ್ಲರನ ಹೆಸರಿಟ್ಟರು. ಇವತ್ತಿಗೂ ಅದೇ ಹೆಸರು. ಆ ಹೆಸರಿನ ಹುಚ್ಚಿಗೆ ಅದನ್ನು ಹಿಡಿದು ಕೊಂಡುಕೊಳ್ಳುವವರು ಹುಟ್ಟಿಕೊಂಡರು, ಪಾಪದ ಜೀರುಂಡೆಗೆ ಅದೇ ಕಂಟಕವಾಯಿತು. ಗಿಡದ ಕಡೆ 2024ರಲ್ಲಿ ಮ್ಯಾಡ್ರಿಡ್ ಸಮ್ಮೇಳನದಲ್ಲಿ ಮತ ಹಾಕಿ, ಆಫ್ರಿಕದ ಜನರನ್ನು ಹೀನಾಯಿಸುವ "ಕಾಫ್ರಾ" ಪದವನ್ನು "ಆಫ್ರಾ" ಮಾಡಿದರು. ನನಗೆ ಅದು ಸರಿ ಅನ್ನಿಸಿತು. ಒಪ್ಪದವರೂ ಇದ್ದಾರೆ, ಹೆಸರು ಅಲುಗಾಡಬಾರದು ಅನ್ನುವುದು ಅವರ ವಾದ.

ಕೇಳ್ತಾ ಇರ್ತೀನಿ

ಇನ್ನೊಂದು ಕೇಳಲಾ? ಸಿಂಹದ ಹೆಸರಿನ ಕೊನೆಗೆ ಲಿನ್ನೇಯಸ್, 1758 ಅಂತ ಆವರಣದೊಳಗೆ ಇರುತ್ತದೆ. ಕೆಲವಕ್ಕೆ ಆವರಣ ಇಲ್ಲ. ಯಾಕೆ?

ಎಂಟುಕಾಲು

ಒಳ್ಳೆಯ ಪ್ರಶ್ನೆ. ಲಿನ್ನೇಯಸ್ ಸಿಂಹವನ್ನು ಬೆಕ್ಕಿನ ಕುಲ ಫೆಲಿಸ್‌ನಲ್ಲಿ ಇಟ್ಟಿದ್ದ. ಆಮೇಲೆ ಅದು ಪ್ಯಾಂಥೆರಾ ಕುಲಕ್ಕೆ ಹೋಯಿತು. ಆವರಣ ಅಂದರೆ "ಹೆಸರಿಟ್ಟವರು ಇವರೇ, ಆದರೆ ಮನೆ ಬದಲಾಗಿದೆ" ಅಂತ. ಗಿಡಗಳಲ್ಲಿ ಮನೆ ಬದಲಿಸಿದವರ ಹೆಸರನ್ನೂ ಪಕ್ಕದಲ್ಲಿ ಬರೆಯುತ್ತಾರೆ.

ಆ ಲಿನ್ನೇಯಸ್ ಕೂಡ ಒಂದೇ ಬಾತುಕೋಳಿಯ ಗಂಡಿಗೊಂದು ಹೆಣ್ಣಿಗೊಂದು ಹೆಸರಿಟ್ಟಿದ್ದ, ಬೇರೆ ಪ್ರಭೇದ ಅಂದುಕೊಂಡು. ಹಾವುಮೀನಿನ ಮರಿ ತೆಳ್ಳಗೆ, ಗಾಜಿನ ಎಲೆಯಂತಿರುತ್ತದೆ. ಅದನ್ನೂ ಬೇರೆ ಮೀನು ಅಂತ ಲೆಪ್ಟೋಸೆಫಾಲಸ್ ಅನ್ನುವ ಕುಲ ಮಾಡಿದ್ದರು. 1890ರ ದಶಕದಲ್ಲಿ ಇಟಲಿಯವರು ತೊಟ್ಟಿಯಲ್ಲಿ ಸಾಕಿ ಅದು ಹಾವುಮೀನೇ ಆಗುವುದನ್ನು ಕಣ್ಣಾರೆ ನೋಡಿದರು. ಎಲೆಯಡಿ ಅವರೇ, ನಿಮ್ಮ ಗಂಡು ಹೆಣ್ಣು ಒಂದೇ ಪ್ರಭೇದ ಅನ್ನುವುದಕ್ಕೂ ಆಧಾರ ಬೇಕು. ಒಂದೇ ಪೊದೆಯಲ್ಲಿ ಸಿಕ್ಕಿತು ಅನ್ನುವುದು ಸಾಲದು.

ಎಲೆಯಡಿ

ಹನ್ನೊಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನಡೆದದ್ದನ್ನೆಲ್ಲ ಹೇಳಬೇಕು.

ಅನುಮತಿ ಸಿಗಲು ಐದು ತಿಂಗಳು ಹಿಡಿಯಿತು. ಹೆಣ್ಣು ಮೊದಲ ದಿನವೇ ಸಿಕ್ಕಿತು. ಗಂಡು ಹನ್ನೆರಡು ದಿನ ಹುಡುಕಿದರೂ ಇಲ್ಲ. ಕೊನೆಗೆ ಜೊತೆಗೆ ಬಂದಿದ್ದ ಅಜ್ಜಿ ಒಂದು ಎಲೆ ಮಗುಚಿ, ಮಾತಾಡದೆ ನನ್ನ ಕಡೆ ನೋಡಿದರು. ಅವರೇ ಸೀಸೆ ಹಿಡಿದರು. ಮುಚ್ಚಳ ಹಾಕುವಾಗ ಇಬ್ಬರೂ ಸುಮ್ಮನಿದ್ದೆವು.

ಎಂಟುಕಾಲು ಅವರು ಪರಿಚಯಿಸಿದ ತಜ್ಞರ ಹತ್ತಿರ ಹೋದೆ. ಹೆಣ್ಣಿನ ಎಪಿಜೈನ್ ಲವಂಗದ ಎಣ್ಣೆಯಲ್ಲಿ ಇಟ್ಟು ನನ್ನನ್ನೇ ನೋಡಲು ಬಿಟ್ಟರು. ಎರಡು ನಾಳ, ಹೊರಕ್ಕೆ ತಿರುಗಿ ಒಂದೂವರೆ ಸುತ್ತು. ಆಮೇಲೆ ಆ ಕುಲದ ಹಳೆಯ ಪ್ರಬಂಧಗಳನ್ನು ಒಂದೊಂದಾಗಿ ತೆರೆದೆವು. ಹತ್ತೊಂಬತ್ತನೆಯದರಲ್ಲಿ ಒಂದು ಪುಟ್ಟ ಶಾಯಿಯ ಚಿತ್ರ. ಎರಡು ನಾಳ, ಹೊರಕ್ಕೆ ತಿರುಗಿ ಒಂದೂವರೆ ಸುತ್ತು. ಹೋಲೋಟೈಪ್ ಇರುವ ಸಂಗ್ರಹಾಲಯಕ್ಕೆ ಬರೆದು ಫೋಟೋ ತರಿಸಿದೆವು. ಸಂದೇಹವೇ ಇಲ್ಲ, ಅದೇ.

ಅಂದರೆ ಹೊಸ ಪ್ರಭೇದ ಅಲ್ಲ. ಆ ಸಂಜೆ ತುಂಬಾ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆಗ ಆ ತಜ್ಞರು ಕ್ಯಾಟಲಾಗ್‌ನಲ್ಲಿ ಆ ಹೆಸರಿನ ಮುಂದಿನ ಗುರುತು ತೋರಿಸಿದರು. ಹೆಣ್ಣು ಮಾತ್ರ. ಆ ಒಂದು ಹೆಣ್ಣಿನ ಮೇಲೆ ಹೆಸರಿಟ್ಟಿದ್ದರು, ಆಮೇಲೆ ಯಾರೂ ಗಂಡನ್ನು ವಿವರಿಸಿಯೇ ಇಲ್ಲ. ಎರಡರ ಕಾಲಿನ ಡಿಎನ್‌ಎ ಓದಿಸಿದೆವು, ಒಂದೇ ಪ್ರಭೇದ. ಈಗ ಗಂಡಿನ ಮೊದಲ ವಿವರಣೆ ಬರೆಯುತ್ತಿದ್ದೇವೆ, ನನ್ನ ಹೆಸರೂ ಬರಹಗಾರರಲ್ಲಿ ಇದೆ. ತಾಮ್ರದ ಪಟ್ಟಿ, ದಪ್ಪ ಕಪ್ಪು ಕಾಲು, ಯಾವ ಪೊದೆ, ಎಲೆಯಡಿಯ ಚೀಲ, ಯಾವುದೂ ಹಳೆಯ ಪ್ರಬಂಧದಲ್ಲಿ ಇರಲಿಲ್ಲ.

ಅಜ್ಜಿಯ ಹೆಸರು ಪ್ರಭೇದಕ್ಕೆ ಬರಲಿಲ್ಲ. ಗಂಡಿನ ಸೀಸೆಯ ಚೀಟಿಯಲ್ಲಿ ಹಿಡಿದವರು ಅನ್ನುವ ಸಾಲಿನಲ್ಲಿ ಇದೆ, ಪೆನ್ಸಿಲ್‌ನಲ್ಲಿ, ನಾನೇ ಬರೆದದ್ದು.

ಒಂದು ಪ್ರಶ್ನೆ ಉಳಿದಿದೆ. ಪಾಲ್ಪ್ ಚಿತ್ರ ನಾನೇ ಬಿಡಿಸುತ್ತಿದ್ದೇನೆ. ಎಡಗಡೆಯದ್ದಾ ಬಲಗಡೆಯದ್ದಾ?

ಎಂಟುಕಾಲು

ಎಡಗಡೆಯದು. ಜೇಡದವರು ಸಾಮಾನ್ಯವಾಗಿ ಎಡಗಡೆಯದನ್ನೇ ಬಿಡಿಸುತ್ತಾರೆ, ಮುಂದೆ ಯಾರಾದರೂ ತಮ್ಮದನ್ನು ಪಕ್ಕದಲ್ಲಿಟ್ಟು ನೋಡುವಾಗ ಕೋನ ಹೊಂದುತ್ತದೆ. ಎಡಗಡೆಯದು ಮುರಿದಿದ್ದರೆ ಬಲಗಡೆಯದನ್ನು ಬಿಡಿಸಿ, ಆದರೆ ಚಿತ್ರದ ಕೆಳಗೆ ಹಾಗಂತ ಬರೆಯಿರಿ. ಪಕ್ಕದಲ್ಲಿ ಅಳತೆಯ ಗೆರೆ ಹಾಕಲು ಮರೆಯಬೇಡಿ.